ನಾಲ್ಕು ತಿಂಗಳ ಮಗುವಿನ ಜೊತೆ ಚಳಿಗಾಲಕ್ಕೆ ಊರಿಗೆ: ಸ್ಲ್ಯಾಬ್ ಮನೆ ಬೆಚ್ಚಗಿಡೋದು ಹೇಗೆ?

ಕಾರಂಜಾ ದಂಡೆ · ಡಿಸೆಂಬರ್ 3, 2025

ಶರಣು ಎಲ್ಲರಿಗೂ. ನಮ್ಮದು ಬೀದರ್ ಜಿಲ್ಲೆ ಭಾಲ್ಕಿ ತಾಲೂಕಿನ ಒಂದು ಸಣ್ಣ ಊರು, ಕೆಲಸ ಬೆಂಗಳೂರಿನಲ್ಲಿ. ನಮ್ಮ ಕಡೆಯ ಹೊಲದ ಹಬ್ಬ ಎಳ್ಳಮಾವಾಸ್ಯೆ ಈ ಸಲ ಡಿಸೆಂಬರ್ 19ಕ್ಕೇ ಬಂದಿದೆ. ಹೆಂಡತಿಯನ್ನೂ ನಾಲ್ಕು ತಿಂಗಳ ಮಗಳನ್ನೂ ಕರೆದುಕೊಂಡು ಹೋಗಿ, ತೊಗರಿ ರಾಶಿ, ಸಂಕ್ರಾಂತಿ ಎಲ್ಲ ಮುಗಿಸಿಕೊಂಡೇ ವಾಪಸ್ ಬರೋಣ ಅಂತ ಇದ್ದೇನೆ. ಮನೆಯಿಂದಲೇ ಕೆಲಸ ಮಾಡಲು ಆಫೀಸಿನವರೂ ಒಪ್ಪಿದ್ದಾರೆ.

ತೊಂದರೆ ಏನೆಂದರೆ ಥಂಡಿ. ನಮ್ಮ ಮನೆಯಲ್ಲಿ ಮುಂದೆ ಹಳೆ ಮಣ್ಣಿನ ಮಾಳಿಗೆ, ಹಿಂದೆ 2019ರಲ್ಲಿ ಸ್ಲ್ಯಾಬ್ ಹಾಕಿ ಕಟ್ಟಿಸಿದ ಎರಡು ರೂಮು. ಟೈಲ್ಸ್, ಅಲ್ಯೂಮಿನಿಯಂ ಕಿಟಕಿ, ಒಳಗೇ ಬಾತ್‌ರೂಮು. ನಾವು ಬರುತ್ತೇವೆ ಅಂತ ಅವ್ವ ಆ ರೂಮು ತೊಳೆದು ಇಟ್ಟಿದ್ದಾಳೆ. ಹೋದ ಜನವರಿಯಲ್ಲಿ ಅಲ್ಲಿ ಮಲಗಿದ್ದೆ. ಎರಡು ರಗ್ಗು ಹೊದ್ದರೂ ನಸುಕಿನ ನಾಲ್ಕಕ್ಕೆ ಎಚ್ಚರ, ಗೋಡೆ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ಅವ್ವ ಮಾತ್ರ ಹಳೆ ಮನೆಯಲ್ಲಿ ಒಂದೇ ಕೌದಿಯಲ್ಲಿ ಗೊರಕೆ ಹೊಡೆಯುತ್ತಿದ್ದಳು.

ಫೋನಿನಲ್ಲಿ ಕೇಳಿದರೆ ಅವ್ವ, "ಹೊರಸಿನ ಕೆಳಗ ಶೆಗಡಿ ಇಟ್ಟರ ಆಯ್ತಲ್ಲ, ನಿನ್ನೂ ಹಂಗೇ ಬೆಳಸೀನಿ" ಅನ್ನುತ್ತಾಳೆ. ಶೆಗಡಿ ಅಂದರೆ ಕೆಂಡ ತುಂಬಿಡುವ ಅಗ್ಗಿಷ್ಟಿಕೆ. ಹೆಂಡತಿ ಶಿವಮೊಗ್ಗ ಕಡೆಯವಳು, ಕೆಂಡ ರೂಮಿನೊಳಗೆ ಬಂದರೆ ನಾನು ಬೆಂಗಳೂರಿನಲ್ಲೇ ಇರುತ್ತೇನೆ ಅಂದಿದ್ದಾಳೆ. ಇಬ್ಬರ ನಡುವೆ ನಾನು. ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ, ಹೇಳಿ.

ಸೇಡಂ ಫರಸಿ · ಡಿಸೆಂಬರ್ 3

ನಾನು ಮನೆ ಕಟ್ಟಿಸುವ ಕೆಲಸದವನು, ಈ ದೂರು ವರ್ಷಕ್ಕೆ ಹತ್ತು ಸಲ ಕೇಳುತ್ತೇನೆ. ಬೇಸಿಗೆಯಲ್ಲಿ ಒಲೆ, ಚಳಿಯಲ್ಲಿ ಫ್ರಿಜ್ಜು ಅಂತ ಬೈಯುತ್ತಾರೆ, ಆದರೂ ಎಲ್ಲರಿಗೂ ಸ್ಲ್ಯಾಬೇ ಬೇಕು.

ನಿಮ್ಮ ಹಳೆ ಮನೆ ಗೋಡೆ ಎರಡು ಅಡಿ ದಪ್ಪ ಇರಬಹುದು, ಮಾಳಿಗೆ ಮೇಲೆ ಒಂದು ಅಡಿ ಮಣ್ಣು. ಹಗಲು ಕುಡಿದ ಬಿಸಿಲನ್ನು ಅದು ರಾತ್ರಿಯೆಲ್ಲ ನಿಧಾನಕ್ಕೆ ಬಿಡುತ್ತದೆ. ಸ್ಲ್ಯಾಬು ಐದು ಇಂಚು, ಬೇಗ ಕಾಯುತ್ತದೆ, ಬೇಗ ಆರುತ್ತದೆ. ನಮ್ಮ ಕಡೆ ಡಿಸೆಂಬರಿನಲ್ಲಿ ಮೋಡ ಇರುವುದಿಲ್ಲ, ಗಾಳಿ ಒಣ, ಹೀಗಾಗಿ ಸೂರ್ಯ ಮುಳುಗಿದ ಕೂಡಲೇ ಇದ್ದ ಬಿಸಿಯೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ಅದಕ್ಕೇ ಮಧ್ಯಾಹ್ನ 28, 29 ಡಿಗ್ರಿ ಇದ್ದದ್ದು ನಸುಕಿಗೆ ಹತ್ತು ಹನ್ನೆರಡಕ್ಕೆ ಇಳಿಯುತ್ತದೆ. ಬೀದರ್ ಕಡೆ ಎತ್ತರದ ನೆಲ, ನಿಮಗೆ ಕಲಬುರಗಿಗಿಂತ ಒಂದು ಕೈ ಜಾಸ್ತಿನೇ.

ಈಗ ಮಾಡಬೇಕಾದದ್ದು: ಮಂಚ ಹೊರಗಿನ ಗೋಡೆಗೆ ಹಚ್ಚಬೇಡಿ, ಒಂದು ಮೊಳ ಬಿಡಿ. ಬಡಗಣ ಕಿಟಕಿಗೆ ಒಳಗಿನಿಂದ ಗೋಣಿ ತಟ್ಟು ಕಟ್ಟಿ. ತೆಂಕಣ ಕಿಟಕಿ ಹತ್ತು ಗಂಟೆಗೆ ತೆರೆದು ಬಿಸಿಲು ಒಳಗೆ ಬಿಡಿ, ನಾಲ್ಕಕ್ಕೆ ಮುಚ್ಚಿ. ಟೈಲ್ಸ್ ಮೇಲೆ ಜಮಖಾನ ಹಾಸಿ. ಇಷ್ಟು ಮಾಡಿದರೂ ಅದು ಹಳೆ ಮನೆಯಷ್ಟು ಬೆಚ್ಚಗೆ ಆಗುವುದಿಲ್ಲ, ಸುಳ್ಳು ಹೇಳುವುದಿಲ್ಲ.

ಆಳಂದದ ಆಯಿ · ಡಿಸೆಂಬರ್ 4

ಮೊಮ್ಮಗನ ಕೈಯಿಂದ ಟೈಪ್ ಮಾಡಿಸುತ್ತಿದ್ದೇನೆ, ತಪ್ಪಿದ್ದರೆ ಅವನದು.

ಅಪ್ಪಾ, ನಿನ್ನ ಅವ್ವ ಹೇಳಿದ್ದರಲ್ಲಿ ಏನು ತಪ್ಪಿದೆ? ನಾಲ್ಕು ಮಕ್ಕಳ ಬಾಣಂತನ ನನ್ನದು, ಅದರಲ್ಲಿ ಮೂರು ಚಳಿಗಾಲದ್ದೇ. ಹೊರಸಿನ ಕೆಳಗೆ ಶೆಗಡಿ ಇಟ್ಟು, ಮೇಲೆ ಕೌದಿ ಹಾಸಿ, ಲೋಬಾನ ಹಾಕಿ ಮಲಗುತ್ತಿದ್ದೆವು. ಯಾರಿಗೂ ಏನೂ ಆಗಲಿಲ್ಲ. ಈಗಿನವರು ಎಲ್ಲದಕ್ಕೂ ಹೆದರುತ್ತಾರೆ.

ಮಗುವಿಗೆ ಕುಂಚಿಗೆ ಹೊಲಿಸಿದ್ದೀರಾ? ಅಂಗಡಿಯ ಉಣ್ಣೆ ಟೊಪ್ಪಿಗೆ ಚುಚ್ಚುತ್ತದೆ, ಮಗು ತಲೆ ಉಜ್ಜಿ ಕಳಚಿಬಿಡುತ್ತದೆ. ಕುಂಚಿಗೆ ತಲೆಯಿಂದ ಬೆನ್ನಿನವರೆಗೆ ಇಳಿದಿರುತ್ತದೆ, ಗಾಳಿ ಹೊಗುವುದಿಲ್ಲ. ಹಳೆ ಕಾಟನ್ ಸೀರೆ ಮೆತ್ತಗಿರುತ್ತದೆ, ಅದರದ್ದೇ ಒಳಪದರು ಹಾಕಿಸು. ಎಣ್ಣೆ ಹಚ್ಚಿ ಎರೆಯುವುದು ಮುಂಜಾನೆ ಬೇಡ, ಹೊತ್ತೇರಿ ಹನ್ನೊಂದು ಗಂಟೆಗೆ ಬಿಸಿಲಲ್ಲಿ.

ನಸುಕಿನ ಡ್ಯೂಟಿ · ಡಿಸೆಂಬರ್ 4

ಆಯಿ, ಕುಂಚಿಗೆ ಮಾತಿಗೆ ನೂರಕ್ಕೆ ನೂರು. ಆದರೆ ಶೆಗಡಿ ಮಾತು ಒಪ್ಪುವುದಿಲ್ಲ, ಸಿಟ್ಟಾಗಬೇಡಿ. ನಾನು ಯಾದಗಿರಿ ಕಡೆ ನರ್ಸ್. ಒಂದು ಡಿಸೆಂಬರಿನಲ್ಲಿ ನಸುಕಿಗೆ ಒಂದು ಕುಟುಂಬವನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದರು. ತಾಯಿಗೆ ತಲೆ ಎತ್ತಲು ಆಗುತ್ತಿಲ್ಲ, ವಾಂತಿ, ಎರಡು ವರ್ಷದ ಹುಡುಗ ಎಷ್ಟು ಅಲುಗಾಡಿಸಿದರೂ ಕಣ್ಣು ಬಿಡುತ್ತಿಲ್ಲ. ವಿಷ ಪ್ರಾಶನವೋ ಏನೋ ಅಂತ ಮನೆಯವರಿಗೆ ಗಾಬರಿ. ರಾತ್ರಿ ರೂಮಿನಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿಕೊಂಡಿದ್ದರು, ಅಷ್ಟೇ. ಆಕ್ಸಿಜನ್ ಕೊಟ್ಟ ಮೇಲೆ ಇಬ್ಬರೂ ಉಳಿದರು, ಪುಣ್ಯ.

ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಅನ್ನುವ ಗಾಳಿ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ, ಹೊಗೆ ಇರಲೇಬೇಕು ಅಂತೇನೂ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ಅದು ಕೂತುಬಿಡುತ್ತದೆ. ಮೊದಲು ತಲೆನೋವು, ಆಮೇಲೆ ಓಕರಿಕೆ, ಆಮೇಲೆ ನಿದ್ದೆ. ಮಲಗಿದವರಿಗೆ ತಲೆನೋವೂ ಗೊತ್ತಾಗುವುದಿಲ್ಲ. ಸಣ್ಣ ಮಕ್ಕಳು ಬೇಗ ಬೇಗ ಉಸಿರಾಡುವುದರಿಂದ ಅವರಿಗೆ ಮೊದಲು ತಟ್ಟುತ್ತದೆ. ಪಕ್ಕದಲ್ಲಿ ನೀರಿನ ಬೋಗುಣಿ ಇಟ್ಟರೆ ಏನೂ ಆಗಲ್ಲ ಅಂತ ಕೆಲವರು ಹೇಳುತ್ತಾರೆ, ಅದು ಸುಳ್ಳು.

ಆಳಂದದ ಆಯಿ · ಡಿಸೆಂಬರ್ 4

ನೀನು ನೋಡಿದ್ದು ನಿಜ ಇರಬಹುದವ್ವಾ. ಆದರೆ ನಾವು ವರ್ಷಾನುವರ್ಷ ಇಟ್ಟುಕೊಂಡೆವಲ್ಲ, ನಮಗ್ಯಾಕೆ ಆಗಲಿಲ್ಲ? ಅದಕ್ಕೆ ಉತ್ತರ ಹೇಳು.

ಸೇಡಂ ಫರಸಿ · ಡಿಸೆಂಬರ್ 4

ಆಯಿ, ಅದಕ್ಕೆ ನಾನು ಹೇಳುತ್ತೇನೆ. ನಿಮ್ಮ ಮಾಳಿಗೆಯಲ್ಲಿ ಬೆಳಕಿಂಡಿ ಇತ್ತಾ? ಇತ್ತು. ಬಾಗಿಲ ಹಲಗೆ ನಡುವೆ ಬೆರಳು ತೂರುವಷ್ಟು ಸಂದು ಇತ್ತಾ? ಇತ್ತು. ಗೋಡೆ ಮೇಲೆ ಜಂತಿ ಕೂತ ಕಡೆ ಗುಬ್ಬಿ ಗೂಡು ಕಟ್ಟುತ್ತಿತ್ತಲ್ಲ, ಅಲ್ಲೂ ಸಂದು. ಕೆಂಡದ ಗಾಳಿ ಬಿಸಿಯಾಗಿ ಮೇಲೇರಿ ಹೊರಗೆ ಹೋಗುತ್ತಿತ್ತು. ಇವರ ರೂಮಿಗೆ ಅಲ್ಯೂಮಿನಿಯಂ ಜಾರು ಕಿಟಕಿ, ರಬ್ಬರ್ ಪಟ್ಟಿ, ಫ್ಲಶ್ ಡೋರು. ಡಬ್ಬಿ ಮುಚ್ಚಳ ಹಾಕಿದ ಹಾಗೆ. ಶೆಗಡಿ ಅದೇ ಇದೆ, ಮನೆ ಬದಲಾಯಿತು.

ನಸುಕಿನ ಡ್ಯೂಟಿ · ಡಿಸೆಂಬರ್ 4

ಇದನ್ನೇ ಹೇಳಬೇಕು ಅಂತಿದ್ದೆ ಅಣ್ಣಾ. ಹಾಗಂತ ಹಳೆ ಮನೆಯಲ್ಲಾದರೂ ಕೆಂಡ ಇಟ್ಟುಕೊಂಡು ಮಲಗಬೇಡಿ. ಕಾಸಿಕೊಳ್ಳಿ, ಆಮೇಲೆ ಹೊರಗೆ ಇಟ್ಟು ಬನ್ನಿ.

ಮಗುವಿಗೆ ಒಂದೇ ದಪ್ಪ ರಗ್ಗು ಹಾಕುವ ಬದಲು ತೆಳು ಅಂಗಿ ಎರಡು ಮೂರು ಪದರು ಹಾಕಿ. ದೊಡ್ಡವರ ಕೌದಿಯೊಳಗೆ ಸೇರಿಸಬೇಡಿ, ಮುಖದ ಮೇಲೆ ಬೀಳುತ್ತದೆ, ಅದು ಚಳಿಗಿಂತ ಅಪಾಯ. ಕೈಕಾಲು ತಣ್ಣಗಿದೆ ಅಂತ ಹೆದರಬೇಡಿ. ಕತ್ತಿನ ಹಿಂದೆ ಮುಟ್ಟಿ ನೋಡಿ, ಅಲ್ಲಿ ಬೆಚ್ಚಗಿದ್ದರೆ ಮಗು ಬೆಚ್ಚಗಿದೆ, ಬೆವರಿದ್ದರೆ ಒಂದು ಪದರು ತೆಗೆಯಿರಿ.

ಆಳಂದದ ಆಯಿ · ಡಿಸೆಂಬರ್ 5

ರಾತ್ರಿ ಕುಂತು ನೆನಪು ಮಾಡಿಕೊಂಡೆ. ಗುಬ್ಬಿ ಗೂಡಿನ ಮಾತು ಖರೆ. ನಮ್ಮ ಅತ್ತೆ ರಾತ್ರಿ ಎದ್ದು ಶೆಗಡಿ ಬೂದಿ ಮುಚ್ಚಿ ಅಂಗಳಕ್ಕೆ ಇಡುತ್ತಿದ್ದಳು, ಬೆಂಕಿಯ ಹೆದರಿಕೆಗೆ ಅಂದುಕೊಂಡಿದ್ದೆ.

ಕಣದ ಕಾವಲು · ಡಿಸೆಂಬರ್ 5

ನೀವು ರೂಮಿನೊಳಗಿನ ಚಳಿ ಮಾತಾಡುತ್ತಿದ್ದೀರಿ, ನಾನು ಅಫಜಲಪುರ ತಾಲೂಕಿನ ಹೊಲದಿಂದ ಬರೆಯುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ಭೀಮಾ ಏರಿ ದಂಡೆಯ ತೊಗರಿ ಪೂರ್ತಿ ಹೋಯಿತು, ಮೇಲಿನ ಎರಡು ಎಕರೆ ಉಳಿದಿದೆ. ಹೊಲ ಹದಕ್ಕೆ ಬಂದ ಮೇಲೆ ಕಡಲೆ, ಜೋಳ ಬಿತ್ತಿದ್ದೇವೆ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿ. ಹನ್ನೊಂದಕ್ಕೆ ಮೋಟರ್ ಶುರು ಮಾಡಿ, ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ನೀರು ತಿರುಗಿಸಬೇಕು. ಬೂಟು ಹಾಕಿದರೆ ಕರಿ ಮಣ್ಣು ಬೂಟನ್ನೇ ಇಟ್ಟುಕೊಳ್ಳುತ್ತದೆ. ಕಾಲು ಮರಗಟ್ಟಿ, ಒಂದು ಹಂತದ ಮೇಲೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಹಗಲು ಕರೆಂಟ್ ಕೊಡಿ ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ ಅನ್ನುವುದು ಬಿಡಿ.

ನನ್ನ ಹತ್ತಿರ ಇರುವುದು ಮುತ್ಯಾನ ಕರಿ ಕಂಬಳಿ. ನಮ್ಮ ಕಡೆಯ ಕುರಿಯ ಒರಟು ಉಣ್ಣೆಯದ್ದು, ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ನೇಯ್ದದ್ದು. ಹೊಸದರಲ್ಲಿ ಹಲಗೆಯಂತೆ ಬಿರುಸಾಗಿತ್ತಂತೆ, ಈಗ ನನಗಿಂತ ಮೆತ್ತಗಾಗಿದೆ. ಇಬ್ಬನಿ ಮೇಲೆ ಬಿದ್ದರೂ ಒಳಗೆ ಇಳಿಯುವುದಿಲ್ಲ, ಕಿಡಿ ಬಿದ್ದರೆ ಸುಟ್ಟು ವಾಸನೆ ಬರುತ್ತದೆಯೇ ಹೊರತು ಧಗ್ಗನೆ ಹತ್ತುವುದಿಲ್ಲ. ನೈಲಾನ್ ರಗ್ಗು ಹೊದ್ದು ಬೆಂಕಿ ಹತ್ತಿರ ಕೂಡುವವರು ಸ್ವಲ್ಪ ವಿಚಾರ ಮಾಡಿ.

ಆಮೇಲೆ ಒಂದು ಪ್ರಶ್ನೆ. ಹಿಮ್ಮಡಿ ಒಡೆದು ರಕ್ತ ಬರುತ್ತಿದೆ, ಯಾರಿಗಾದರೂ ಮದ್ದು ಗೊತ್ತಾ?

ಪುಣೆ ಪಾಳಿ · ಡಿಸೆಂಬರ್ 5

ಕಾವಲಣ್ಣಾ, ನಮ್ಮವ್ವ ಜೇನುಮೇಣ ಕರಗಿಸಿ ಕುಸುಬಿ ಎಣ್ಣೆ ಕಲಸಿ ಇಟ್ಟಿರುತ್ತಿದ್ದಳು. ರಾತ್ರಿ ಬಿಸಿ ನೀರಿನಲ್ಲಿ ಕಾಲು ಇಟ್ಟು, ಕಲ್ಲಿನಿಂದ ಉಜ್ಜಿ, ಒರೆಸಿ, ಬಿರುಕಿನೊಳಗೆ ಅದನ್ನು ತುಂಬಿ ಹಳೆ ಸಾಕ್ಸ್ ಹಾಕಿಕೊಂಡು ಮಲಗುವುದು. ಎಂಟು ದಿನ ಬಿಡದೆ ಮಾಡಿ. ಕೊಬ್ಬರಿ ಎಣ್ಣೆ ನೆಚ್ಚಬೇಡಿ, ನವೆಂಬರಿನಿಂದಲೇ ಬಾಟಲಿಯಲ್ಲಿ ಕಲ್ಲಾಗಿ ಕೂತಿರುತ್ತದೆ. ಚಿಕ್ಕವನಿದ್ದಾಗ ಅದನ್ನು ಕರಗಿಸಲು ಬಚ್ಚಲ ಒಲೆ ಮೇಲೆ ಇಟ್ಟು ಪ್ಲಾಸ್ಟಿಕ್ ಬಾಟಲಿ ಸಮೇತ ಕರಗಿಸಿಬಿಟ್ಟೆ. ಬಿದ್ದ ಪೆಟ್ಟಿಗೆ ಚಳಿ ಬಿಟ್ಟಿತ್ತು.

ನಸುಕಿನ ಡ್ಯೂಟಿ · ಡಿಸೆಂಬರ್ 5

ರಕ್ತ ಬರುವಷ್ಟು ಒಡೆದಿದ್ದರೆ ಕೆಸರಿಗೆ ಇಳಿಯುವ ಮುಂಚೆ ಧನುರ್ವಾಯು ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತ ನೆನಪು ಮಾಡಿಕೊಳ್ಳಿ ಕಾವಲಣ್ಣಾ. ಸಕ್ಕರೆ ಕಾಯಿಲೆ ಇದ್ದರಂತೂ ಮನೆಮದ್ದು ಮಾಡುತ್ತಾ ಕೂಡಬೇಡಿ, ತೋರಿಸಿ.

ಕಾರಂಜಾ ದಂಡೆ · ಡಿಸೆಂಬರ್ 7

ಶೆಗಡಿ ಚರ್ಚೆ ಪೂರ್ತಿ ಹೆಂಡತಿಗೆ ಓದಿ ಹೇಳಿದೆ, ಅವ್ವನಿಗೂ ಫೋನಿನಲ್ಲಿ ಹೇಳಿದೆ. ಹೆಂಡತಿಗೆ ಗೆದ್ದ ಖುಷಿ. ಅವ್ವ ಮಾತ್ರ "ಆತು ಬಿಡು" ಅಂದು ಫೋನ್ ಇಟ್ಟಳು. ಅದರ ಅರ್ಥ ನಿಮಗೆಲ್ಲ ಗೊತ್ತಲ್ವಾ.

ಇನ್ನೊಂದು ಪ್ರಶ್ನೆ. ಸ್ನಾನದ ನೀರಿಗೆ ಏನು ಮಾಡುತ್ತೀರಿ? ಹೊಸ ಬಾತ್‌ರೂಮಿಗೆ ಗೀಜರ್ ಇಲ್ಲ. ಕಾಯಿಸುವ ರಾಡ್ ಒಂದು ತಗೊಂಡರೆ ಸಾಕಾ?

ಶಹಾಪುರ ಮಾಸ್ತರ · ಡಿಸೆಂಬರ್ 7

ರಾಡ್ ವಿಚಾರದಲ್ಲಿ ನನ್ನ ಅನುಭವ ಕೇಳಿ. ಸಂತೆಯಲ್ಲಿ ಇನ್ನೂರು ರೂಪಾಯಿಗೆ ಒಂದು ತಂದೆ. ಕಬ್ಬಿಣದ ಬಕೆಟ್, ಮನೆಯಲ್ಲಿ ಅರ್ಥಿಂಗ್ ನೆಟ್ಟಗಿಲ್ಲ. ನೀರು ಕಾದಿದೆಯಾ ಅಂತ ಸ್ವಿಚ್ ಆರಿಸದೆ ಬೆರಳು ಅದ್ದಿದೆ. ಎಚ್ಚರಾದಾಗ ಬಚ್ಚಲ ಗೋಡೆಗೆ ಒರಗಿ ಕೂತಿದ್ದೆ, ಹೆಂಡತಿ ಒಣ ಕೋಲು ಹಿಡಿದು ನಿಂತಿದ್ದಳು. ಅವಳು ಮೊದಲು ಮೇನ್ ಆಫ್ ಮಾಡಿದ್ದಕ್ಕೆ ಬದುಕಿದೆ. ತಗೊಳ್ಳುವುದಾದರೆ ಐಎಸ್ಐ ಗುರುತಿನದ್ದು ತಗೊಳ್ಳಿ, ಪ್ಲಾಸ್ಟಿಕ್ ಬಕೆಟ್ ಇಡಿ, ರಾಡ್ ನೀರಿಗೆ ಇಳಿಸಿದ ಮೇಲೆ ಸ್ವಿಚ್ ಹಾಕಿ, ಪ್ಲಗ್ ಕಿತ್ತ ಮೇಲೆ ಮುಟ್ಟಿ.

ನಾವು ಮತ್ತೆ ಹಂಡೆಗೇ ಬಂದೆವು. ತಾಮ್ರದ ಹಂಡೆ, ಕೆಳಗೆ ತೊಗರಿ ಕಟ್ಟಿಗೆ. ತೊಗರಿ ಕಟ್ಟಿಗೆ ಧಗ ಧಗ ಉರಿದು ಬೇಗ ಮುಗಿಯುತ್ತದೆ, ಮೇಲೆ ಎರಡು ಕುಳ್ಳು ಇಟ್ಟರೆ ಕಾವು ನಿಲ್ಲುತ್ತದೆ. ಮನೆಗೆ ಬಂದ ನೆಂಟರೆಲ್ಲ ಚಳಿಗಾಲದಲ್ಲಿ ಬಚ್ಚಲ ಒಲೆ ಮುಂದೆಯೇ ಕೂಡುತ್ತಾರೆ, ಪಡಸಾಲೆಯಲ್ಲಿ ಹಾಸಿದ ಚಾಪೆ ಖಾಲಿ. ನಮ್ಮ ಊರಿನ ಅರ್ಧ ಮದುವೆ ಮಾತುಕತೆ ಅಲ್ಲೇ ಮುಗಿದಿವೆ.

ಅಂದ ಹಾಗೆ, ಎಳ್ಳಮಾವಾಸ್ಯೆ ಈ ಸಲ ಬೇಗ ಬಂತು ಅಂತ ಹಲವರು ಕೇಳುತ್ತಾರೆ. ಚಾಂದ್ರಮಾನದ ವರ್ಷ ಸುಮಾರು ಹನ್ನೊಂದು ದಿನ ಕಡಿಮೆ, ಅದಕ್ಕೆ ಹಿಂದೆ ಸರಿಯುತ್ತಾ ಬರುತ್ತದೆ. 2024ರಲ್ಲಿ ಎರಡು ಸಲ ಬಂತು, ಜನವರಿ 11ಕ್ಕೆ ಒಂದು, ಡಿಸೆಂಬರ್ 30ಕ್ಕೆ ಒಂದು. 2026ರಲ್ಲಿ ಅಧಿಕ ಮಾಸ ಇರುವುದರಿಂದ ಮುಂದಿನದು 2027ರ ಜನವರಿಗೆ. ಹಾಗಾಗಿ ಈಗಲೇ ಎರಡು ವರ್ಷದ ಭಜ್ಜಿ ತಿಂದುಕೊಳ್ಳಿ.

ಕಾರಂಜಾ ದಂಡೆ · ಡಿಸೆಂಬರ್ 7

ಮಾಸ್ತರ್, ಭಜ್ಜಿ ಅಂದ ಕೂಡಲೇ ನಮ್ಮವಳು ಈರುಳ್ಳಿ ಬಜ್ಜಿ ಅಂದುಕೊಂಡಳು. ಹೊಲಕ್ಕೆ ಹೋಗಿ ಬಜ್ಜಿ ತಿನ್ನಲು ಇಷ್ಟು ಸಂಭ್ರಮವಾ ಅಂತ ಕೇಳುತ್ತಾಳೆ. ಯಾರಾದರೂ ಸರಿಯಾಗಿ ಹೇಳಿ, ನಾನು ತಿನ್ನುವವನು, ಮಾಡುವವನಲ್ಲ.

ಹುಮನಾಬಾದ್ ಅಕ್ಕ · ಡಿಸೆಂಬರ್ 8

ತಮ್ಮಾ, ನಿನ್ನ ಹೆಂಡತಿಗೆ ಇದನ್ನು ತೋರಿಸು.

ಭಜ್ಜಿ ಅಂದರೆ ಆ ಕಾಲಕ್ಕೆ ಹೊಲದಲ್ಲಿ ಏನೇನು ಹಸಿ ಇರುತ್ತದೋ ಅದೆಲ್ಲ ಒಂದೇ ಪಾತ್ರೆಗೆ. ಹಸಿ ತೊಗರಿ ಕಾಳು, ಹಸಿ ಕಡಲೆ, ಅವರೆ, ಬಟಾಣಿ, ಶೇಂಗಾ. ಮೆಂತ್ಯ ಪಲ್ಯ, ಕಡಲೆ ಪಲ್ಯ, ಹಸಿ ಉಳ್ಳಾಗಡ್ಡಿ, ಬದನೆ, ಗಜ್ಜರಿ. ಬೇಯಿಸಿ, ಹುಣಸೆ ಹುಳಿ ಬಿಟ್ಟು, ಕಡಲೆ ಹಿಟ್ಟು ಕದಡಿ ಹಾಕಿ, ಹಸಿ ಮೆಣಸಿನಕಾಯಿ ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ. ನಮ್ಮಲ್ಲಿ ನಾಲ್ಕು ಬಾರೆಹಣ್ಣೂ ಹಾಕುತ್ತೇವೆ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡಬು, ಶೇಂಗಾ ಹೋಳಿಗೆ, ಮಡಕೆಯಲ್ಲಿ ಅಂಬಲಿ. ಹಿಂದಿನ ದಿನ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ, ರೊಟ್ಟಿ ಬಡಿಯುವ ಸಪ್ಪಳ ನಡುರಾತ್ರಿವರೆಗೆ.

ಹೊಲದಲ್ಲಿ ಕಣಕಿಯ (ಜೋಳದ ದಂಟಿನ) ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರು ಅಂತ ಇಟ್ಟು ಪೂಜೆ. ಆಮೇಲೆ ಹೊಲದ ಸುತ್ತ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿ ಬಂದು ಊಟ. ಮಗು ಕರೆದುಕೊಂಡು ಹೋಗುವುದಾದರೆ ಹನ್ನೊಂದರ ಮೇಲೆ ಹೋಗಿ, ನಾಲ್ಕರೊಳಗೆ ವಾಪಸ್ ಬನ್ನಿ. ಆ ಹೊತ್ತಿನಲ್ಲಿ ಬಿಸಿಲು ಚುರುಕಾಗೇ ಇರುತ್ತದೆ.

ಶಹಾಪುರ ಮಾಸ್ತರ · ಡಿಸೆಂಬರ್ 8

ಅಕ್ಕಾ, ಭಜ್ಜಿಯಲ್ಲಿ ಬಾರೆಹಣ್ಣಾ? ನಮ್ಮ ಕಡೆ ಹಾಕಿದರೆ ಮನೆಯಿಂದ ಹೊರಗೆ ಹಾಕುತ್ತಾರೆ.

ಹುಮನಾಬಾದ್ ಅಕ್ಕ · ಡಿಸೆಂಬರ್ 8

ನಿಮ್ಮ ಕಡೆ ಎಳ್ಳಮಾವಾಸ್ಯೆಗೆ ಶಾಲೆ ಮಕ್ಕಳಷ್ಟೇ ಹೊಲಕ್ಕೆ ಹೋಗುತ್ತಾರೆ ಮಾಸ್ತರ್, ಬೀದರ್ ಜಿಲ್ಲೆಯಲ್ಲಿ ಊರಿಗೆ ಊರೇ ಖಾಲಿ ಆಗುತ್ತದೆ. ಭಜ್ಜಿ ವಿಚಾರದಲ್ಲಿ ಮಾತು ನಮ್ಮದೇ ನಡೆಯಬೇಕು.

ಆಳಂದದ ಆಯಿ · ಡಿಸೆಂಬರ್ 8

ಇಬ್ಬರೂ ಜಗಳ ಆಡಬೇಡಿ. ಆಳಂದದಲ್ಲಿ ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ನಾನು ಹಾಕುತ್ತೇನೆ, ಬೀಜ ಹಲ್ಲಿಗೆ ಸಿಕ್ಕಾಗ ಬೈಸಿಕೊಳ್ಳುತ್ತೇನೆ.

ಪುಣೆ ಪಾಳಿ · ಡಿಸೆಂಬರ್ 9

ಇದನ್ನೆಲ್ಲ ಓದಿ ಹಿಂಜೇವಾಡಿಯ ಹಾಸ್ಟೆಲ್ ರೂಮಿನಲ್ಲಿ ಬಾಯಲ್ಲಿ ನೀರು ಸುರಿಸುತ್ತಾ ಕೂತಿದ್ದೇನೆ. ಕಡಲೆ ಹುಳಿ ಯಾರಾದರೂ ಈಗಲೂ ಹಿಡಿಯುತ್ತೀರಾ? ಅಜ್ಜಿ ಸಂಜೆ ಬಿಳಿ ಧೋತರ ಒಯ್ದು ಕಡಲೆ ಗಿಡಗಳ ಮೇಲೆ ಹಾಸಿ ಬರುತ್ತಿದ್ದಳು. ರಾತ್ರಿ ಇಬ್ಬನಿ ಬಿದ್ದು, ಎಲೆ ಮೇಲಿನ ಹುಳಿ ಬಟ್ಟೆಗೆ ಇಳಿಯುತ್ತಿತ್ತು. ನಸುಕಿಗೆ ಹೋಗಿ ಹಿಂಡಿ ಬಾಟಲಿ ತುಂಬುವುದು. ಹೊಟ್ಟೆನೋವಿಗೆ ಒಂದು ಚಮಚ ಕೊಡುತ್ತಿದ್ದಳು. ನಾಲಿಗೆ ಮೇಲೆ ಬಿದ್ದರೆ ಕಿವಿ ಹಿಂದೆ ಝುಮ್ ಅನ್ನುವಂಥ ಹುಳಿ. ಬರಿಗಾಲಲ್ಲಿ ಕಡಲೆ ಹೊಲದಲ್ಲಿ ಓಡಾಡಿದರೆ ಕಾಲೆಲ್ಲ ಚುರು ಚುರು, ಅದೂ ಅದೇ ಹುಳಿ.

ಕಣದ ಕಾವಲು · ಡಿಸೆಂಬರ್ 9

ಈಗ ಯಾರು ಹಿಡಿಯುತ್ತಾರೆ ತಮ್ಮಾ, ಔಷಧ ಹೊಡೆದಿರುತ್ತೇವೆ. ಔಷಧ ಹೊಡೆಯದ ಒಂದು ಸಾಲು ಮನೆಗೆ ಅಂತ ಬಿಟ್ಟಿದ್ದೇನೆ, ಕುಡಿ ಚಿವುಟಿ ಪಲ್ಯಕ್ಕೆ, ಆಮೇಲೆ ಸುಲಗಾಯಿಗೆ (ಹಸಿ ಕಡಲೆ ಕಾಯಿಗೆ). ಕಾಡುಹಂದಿ ಬಿಟ್ಟರೆ.

ಚುರು ಚುರು ಮಾತಿಗೆ ಇನ್ನೊಂದು: ನನ್ನ ಒಡೆದ ಹಿಮ್ಮಡಿಗೆ ಆ ಹುಳಿ ತಾಗಿದಾಗ ಹೇಗಾಗುತ್ತದೆ ಅಂತ ಕೇಳಬೇಡಿ.

ಹುಮನಾಬಾದ್ ಅಕ್ಕ · ಡಿಸೆಂಬರ್ 10

ಚಳಿಗಾಲದ ದೊಡ್ಡ ತಲೆನೋವು ಯಾರೂ ಹೇಳಲಿಲ್ಲ, ಮೊಸರು. ಹೆಪ್ಪು ಹಾಕಿ ಬೆಳಿಗ್ಗೆ ನೋಡಿದರೆ ಹಾಲು ಹಾಲಾಗೇ ಇರುತ್ತದೆ. ಹಾಲು ಬೆರಳಿಗೆ ಬಿಸಿ ಹತ್ತುವಷ್ಟು ಇರುವಾಗಲೇ ಹೆಪ್ಪು ಹಾಕಿ, ಪಾತ್ರೆಗೆ ಟವೆಲ್ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದು ಇಡುತ್ತೇನೆ. ಗಟ್ಟಿ ಮೊಸರು ಗ್ಯಾರಂಟಿ.

ಎಮ್ಮೆ ಇರುವವರಿಗೆ ಒಂದು ಮಾತು. ಎತ್ತಿಗಿಂತ ಎಮ್ಮೆಗೆ ಚಳಿ ಜಾಸ್ತಿ, ಮೈಮೇಲೆ ಕೂದಲು ಕಡಿಮೆ ಅಲ್ವಾ. ನಮ್ಮನೆಯವರು ಗೋಣಿ ತಟ್ಟು ಹೊಲಿದು ಬೆನ್ನಿಗೆ ಕಟ್ಟುತ್ತಾರೆ, ಕೆಳಗೆ ತೊಗರಿ ಹೊಟ್ಟು ಹಾಸುತ್ತಾರೆ. ಬಾವಿ ನೀರು ಬೆಳಿಗ್ಗೆ ಉಗುರುಬೆಚ್ಚಗೆ ಇರುತ್ತದೆ, ಟಾಕಿ ನೀರು ಕುಡಿಸುವ ಬದಲು ಅದನ್ನೇ ಕುಡಿಸಿ.

ಕಾರಂಜಾ ದಂಡೆ · ಡಿಸೆಂಬರ್ 21

ಬಂದು ಮುಟ್ಟಿದೆವು. ಭಾಲ್ಕಿ ಸ್ಟೇಷನ್ನಿನಿಂದ ಊರಿಗೆ ಜೀಪಿನಲ್ಲಿ ಬರುವಾಗ ಮಂಜು ಎಷ್ಟಿತ್ತೆಂದರೆ ಮುಂದಿನ ಕಬ್ಬಿನ ಟ್ರಾಕ್ಟರ್ ಹತ್ತು ಮಾರು ದೂರ ಬರುವವರೆಗೆ ಕಾಣಲಿಲ್ಲ. ಹಿಂದೆ ದೀಪ ಇಲ್ಲ, ಕೆಂಪು ಪಟ್ಟಿಯೂ ಇಲ್ಲ, ಎರಡು ಟ್ರೇಲರ್ ತುಂಬ ಕಬ್ಬು. ಚಳಿಗಾಲದಲ್ಲಿ ನಸುಕಿನ ಪ್ರಯಾಣ ಮಾಡುವವರು ದಯವಿಟ್ಟು ಹೊತ್ತು ಏರುವವರೆಗೆ ಸ್ಟೇಷನ್ನಿನಲ್ಲೇ ಚಹಾ ಕುಡಿಯುತ್ತಾ ಕೂಡಿ.

ಮೊದಲ ರಾತ್ರಿ ಹೊಸ ರೂಮಿನಲ್ಲೇ ಮಲಗಿದೆವು. ಗೋಣಿ ತಟ್ಟು, ಜಮಖಾನ, ಮಂಚ ಒಂದು ಮೊಳ ದೂರ, ಸೇಡಂ ಅಣ್ಣ ಹೇಳಿದ್ದೆಲ್ಲ ಮಾಡಿದೆ. ನಾಲ್ಕು ಗಂಟೆಗೆ ಮಗಳು ಎದ್ದು ಅಳಲು ಶುರು. ಕತ್ತಿನ ಹಿಂದೆ ಮುಟ್ಟಿದರೆ ತಣ್ಣಗೆ. ಹೆಂಡತಿ ಯಾರಿಗೂ ಹೇಳದೆ ಮಗು ಎತ್ತಿಕೊಂಡು ಕತ್ತಲಲ್ಲಿ ಹಳೆ ಮನೆಗೆ ಹೋಗಿ ಅವ್ವನ ಪಕ್ಕ ಮಲಗಿಬಿಟ್ಟಳು. ಬೆಳಿಗ್ಗೆ ನಾನು ಎದ್ದು ನೋಡಿದರೆ ಮಂಚದಲ್ಲಿ ನಾನೊಬ್ಬನೇ, ಅಲ್ಲಿ ಮೂವರೂ ಸೊಂಪಾಗಿ ನಿದ್ದೆ.

ಅಷ್ಟರ ಮೇಲೆ ಅವ್ವನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಶೆಗಡಿ ಈಗ ಸಂಜೆ ಪಡಸಾಲೆಯಲ್ಲಿ, ಬಾಗಿಲು ತೆರೆದು. ಎಲ್ಲರೂ ಸುತ್ತ ಕೂತು ಕೈ ಕಾಸಿಕೊಳ್ಳುತ್ತೇವೆ, ಅವ್ವ ಅಂಗೈ ಕಾಸಿ ಮಗಳ ಅಂಗಾಲಿಗೆ ಇಡುತ್ತಾಳೆ. ಒಂಬತ್ತಕ್ಕೆ ಬೂದಿ ಮುಚ್ಚಿ ಅಂಗಳಕ್ಕೆ. ಅದನ್ನು ಹೊರಗೆ ಇಡುವ ಕೆಲಸ ಹೆಂಡತಿಯದು, ಯಾರಿಗೂ ಬಿಡುವುದಿಲ್ಲ.

ಭಜ್ಜಿ ಮೂರು ಸಲ ಹಾಕಿಸಿಕೊಂಡಳು. ಬಾರೆಹಣ್ಣು ಇತ್ತು, ಕ್ಷಮಿಸಿ ಮಾಸ್ತರ್.

ಆಳಂದದ ಆಯಿ · ಡಿಸೆಂಬರ್ 21

ಹೆಂಡತಿ ಜಾಣೆ ಇದ್ದಾಳಪ್ಪಾ. ಕುಂಚಿಗೆ ಹೊಲಿಸಿದಿರೋ ಇಲ್ಲವೋ ಹೇಳಲೇ ಇಲ್ಲ.

ಕಾರಂಜಾ ದಂಡೆ · ಡಿಸೆಂಬರ್ 22

ಅವ್ವ ತನ್ನ ಹಳೆ ಇಳಕಲ್ ಸೀರೆ ಹರಿದು ಕೈಯಲ್ಲೇ ಹೊಲಿದಳು ಆಯಿ. ಕೆಂಪು ಅಂಚು ಹಣೆ ಮೇಲೆ ಬರುವ ಹಾಗೆ. ಫೋಟೋ ಹಾಕಿದರೆ ದೃಷ್ಟಿ ಆಗುತ್ತದೆ ಅಂತೆ, ಹಾಕಲು ಬಿಡುತ್ತಿಲ್ಲ.

ಸೇಡಂ ಫರಸಿ · ಡಿಸೆಂಬರ್ 22

ಹಳೆ ಮನೆಯಲ್ಲಿ ಜೋಳದ ಚೀಲ, ಇಲಿ ಎಲ್ಲ ಇರಬೇಕಲ್ಲ, ಅದಕ್ಕೇನು ಮಾಡಿದಿರಿ? ಮಗು ಇರುವ ಕಡೆ ಇಲಿ ಒಳ್ಳೆಯದಲ್ಲ.

ಕಾರಂಜಾ ದಂಡೆ · ಜನವರಿ 9, 2026

ಉತ್ತರ ತಡವಾಯಿತು ಅಣ್ಣಾ, ರಾಶಿ ಗಡಿಬಿಡಿ. ತೊಗರಿ ಕೊಯ್ದು, ಒಣಗಿಸಿ, ಮಷೀನಿಗೆ ಹಾಕಿದೆವು. ಮಂಜಿಗೆ ಹೂವು ಬಹಳ ಉದುರಿತ್ತು, ಎಕರೆಗೆ ನಾಲ್ಕು ಚೀಲವೂ ಆಗಲಿಲ್ಲ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ಅಂತ ಇದೆ, ಅಪ್ಪ ಮಾರಲು ಅವಸರ ಬೇಡ ಅನ್ನುತ್ತಾರೆ, ಹಾಗಾಗಿ ಕಾಳು ಮನೆಯಲ್ಲೇ ಇದೆ.

ಇಲಿ ಪ್ರಶ್ನೆಗೆ ಅವ್ವನೇ ದಾರಿ ಹುಡುಕಿದಳು. ಹಳೆ ಮನೆಯ ಜೋಳದ ಚೀಲ, ಹೊಸ ತೊಗರಿ ಚೀಲ ಎಲ್ಲ ಹಿಂದಿನ ಸ್ಲ್ಯಾಬ್ ರೂಮಿಗೆ ಹೋಗಿವೆ. ಟೈಲ್ಸ್ ಮೇಲೆ ಹಲಗೆ ಹಾಕಿ ಸಾಲಾಗಿ ಜೋಡಿಸಿದ್ದೇವೆ. ಒಣಗಿದ ಜಾಗ, ಸಂದು ಇಲ್ಲ, ಇಲಿ ಹೋಗಲು ದಾರಿಯೇ ಇಲ್ಲ. ಒಳಗಿನ ಬಾತ್‌ರೂಮಿನಲ್ಲಿ ಬಿತ್ತನೆ ಬೀಜದ ಡಬ್ಬಿ.

ಕಣದ ಕಾವಲು · ಜನವರಿ 9

ತೊಗರಿಗೆ ಅಟ್ಯಾಚ್ಡ್ ಬಾತ್‌ರೂಮು! ನಮ್ಮ ತೊಗರಿಗೆ ಈ ಭಾಗ್ಯ ಇಲ್ಲ ಬಿಡಿ, ಮೂರು ರಾತ್ರಿಯಿಂದ ಕಣದಲ್ಲೇ ನನ್ನ ಜೊತೆ ಮಲಗಿದೆ. ಹಿಮ್ಮಡಿ ಪರವಾಗಿಲ್ಲ, ಮೇಣ ಕೆಲಸ ಮಾಡಿತು, ಇಂಜೆಕ್ಷನ್ನೂ ಹಾಕಿಸಿದೆ. ಸಂಕ್ರಾಂತಿ ಆದ ಮೇಲೂ ಒಂದು ವಾರ ಊರಲ್ಲೇ ಇರಿ, ಜೋಳ ಹಾಲುಗಾಳು ತುಂಬುತ್ತಿದೆ. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಡಿದು, ಬಿಸಿ ಬಿಸಿ ಸೀತನಿಗೆ ಶೇಂಗಾ ಹಿಂಡಿ, ಬೆಲ್ಲ ಹಚ್ಚಿಕೊಂಡು ನಿಮ್ಮವಳಿಗೆ ತಿನ್ನಿಸದೆ ಬೆಂಗಳೂರಿಗೆ ಕರೆದುಕೊಂಡು ಹೋಗಬೇಡಿ.

ಕಾರಂಜಾ ದಂಡೆ · ಜನವರಿ 10

ಟಿಕೆಟ್ 27ಕ್ಕೆ ಮುಂದೂಡಿದೆ. ಕೇಳಿದ್ದು ನಾನಲ್ಲ, ಅವಳು.